ಒಂದು ತಾಸಿನ ಕಾಳಗ

ಹೊನ್ನಾಳಿಯ ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ದುರ್ಗಾಂಬಿಕಾ ಆಟ ಆಡಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವಳಿಗೆ ಅದೊಂದು ಹುಚ್ಚು. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿಕೊಳ್ಳಬೇಕು. ಕಾಡು, ಕೋಟೆ, ರಾಕ್ಷಸರನ್ನು ಅವಳು ಮಾತಿನಲ್ಲೇ ಕಟ್ಟಿಕೊಡುತ್ತಾಳೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ರಾಕ್ಷಸನ ಬಲ ಆಟಗಾರರ ಬಲಕ್ಕೆ ಸರಿತೂಗಬೇಕು, ಯಾರೊಬ್ಬರದೇ ಮೇಲುಗೈ ಆಗಬಾರದು ಎನ್ನುವುದು ಅವಳ ಹಟ.

ಆಡಲು ಬರುತ್ತಿದ್ದವರು ಮೂವರು: ಅಂಚೆ ಕಚೇರಿಯ ನಿಂಗರಾಜ್, ನರ್ಸ್ ಕೆಲಸ ಬಿಟ್ಟು ಮನೆಯಲ್ಲಿದ್ದ ಅನಿತಾ, ಅವಳ ಗಂಡ ಪ್ರಸನ್ನಕುಮಾರ್. ಪ್ರಸನ್ನ ಮೆಲುಮಾತಿನವನು. ಅವನದು ಸೇನಾಪತಿಯ ಪಾತ್ರ, ಅನಿತಾಳದು ಗೂಢಚಾರಿಣಿಯದು. ಮೊದಮೊದಲು ಹೆಂಡತಿಯ ದಾಳವನ್ನೂ ಅವನೇ ಎಸೆಯುತ್ತಿದ್ದ. ಅವಳು ಎಲ್ಲಿ ಹೆಜ್ಜೆ ಇಡಬೇಕೆಂದೂ ಅವನೇ ಹೇಳುತ್ತಿದ್ದ. ಆಟ ಒಂದು ಕಡೆ ವಾಲುತ್ತಿದೆ ಎನ್ನಿಸಿ ದುರ್ಗಾಂಬಿಕಾ, ಅವರವರ ದಾಳ ಅವರವರೇ ಎಸೆಯಬೇಕೆಂದು ನಿಯಮ ಮಾಡಿದಳು. ಗೂಢಚಾರಿಣಿಗೆ, ಹೊದ್ದರೆ ಮಾಯವಾಗುವಂಥ ಕಂಬಳಿಯೊಂದನ್ನು ಕೊಟ್ಟಳು. ಆ ಭಾನುವಾರ ಅನಿತಾ ಕಂಬಳಿ ಹೊದ್ದು, ಸೇನಾಪತಿಯ ಕಣ್ಣು ತಪ್ಪಿಸಿ, ಒಬ್ಬಳೇ ಕೋಟೆ ಹೊಕ್ಕು ಬಾಯಿತುಂಬ ನಕ್ಕಳು. ಪ್ರಸನ್ನನೂ ನಕ್ಕ.

“ಆಟದಾಗೂ ನನ್ನ ಬಿಟ್ಟು ಹೋಗಾಕೆ ಕಲಿತೆ ಬಿಡು” ಎಂದ, ಮೆಲ್ಲಗೆ.

ಮುಂದಿನ ವಾರ ಅವಳ ಮಣಿಕಟ್ಟಿಗೆ ಬ್ಯಾಂಡೇಜು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು, ಯಾರೂ ಕೇಳುವ ಮೊದಲೇ. ಅವತ್ತು ಒಂದೊಂದು ಹೆಜ್ಜೆಗೂ ಗಂಡನ ಮುಖ ನೋಡಿಯೇ ದಾಳ ಎತ್ತಿಕೊಂಡಳು. ದುರ್ಗಾಂಬಿಕಾಗೆ ಅರ್ಥವಾಯಿತು: ಮೇಜಿನ ಮೇಲೆ ತಾನು ತೂಗಿ ಸರಿ ಮಾಡಿದ್ದು ಮನೆಯಲ್ಲಿ ಈಕೆಯ ಮೈಮೇಲೆ ಬಿದ್ದಿತ್ತು.

ಪ್ರಸನ್ನ ಫೋನ್ ಬಂತೆಂದು ಹೊರಗೆ ಹೋದಾಗ ಅನಿತಾ ಒಂದೇ ಉಸಿರಿಗೆ ಹೇಳಿದಳು.

“ಮೇಡಂ, ನನ್ನ ಫೋನೂ ಅವರ ಹತ್ರಾನೇ ಐತೆ. ನಮ್ಮವ್ವ ಬಿಳಿಚೋಡಿನಾಗೆ ಅದಾಳೆ. ಆಟದಾಗೆ ಮುಳುಗಿದಾಗ ಮಾತ್ರ ಅವರ ಕಣ್ಣು ನನ್ನ ಮೇಲೆ ಇರಲ್ಲ. ಒಂದು ತಾಸು ಸಿಕ್ಕರೆ ಸಾಕು.”

ಅದರ ಮುಂದಿನ ಭಾನುವಾರ ನಿಂಗರಾಜನಿಗೆ ಜ್ವರವೆಂದು ದುರ್ಗಾಂಬಿಕಾ ಹೇಳಿದಳು. ಹಿಂದಿನ ವಾರ ಆ ಗಳಿಗೆಯಲ್ಲೇ ಮೂವರೂ ಮಾತಾಡಿಕೊಂಡಂತೆ ಅವನು ಹಿಂದಿನ ಬೀದಿಯಲ್ಲಿ ಗೆಳೆಯನ ಕಾರಿನಲ್ಲಿ ಕಾದಿದ್ದ. ಆಟ ಶುರುವಾದ ಕೂಡಲೇ ಗೂಢಚಾರಿಣಿಯನ್ನು ಸೆರೆ ಹಿಡಿಸಿದ್ದಾಯಿತು. ಅನಿತಾಗೆ ಇನ್ನು ಸರದಿಯಿಲ್ಲ. ಸೇನಾಪತಿಗೆ ಕಲ್ಲಿನ ರಾಕ್ಷಸ ಎದುರಾದ. ಅನಿತಾ ಕೆಳಗಿನಿಂದ ಟೀ ತರುತ್ತೇನೆಂದು ಎದ್ದಳು. ಬೇಗ ಬಾ ಎಂದ ಪ್ರಸನ್ನ, ತಲೆ ಎತ್ತದೆ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿದುಹೋಯಿತು.

ದುರ್ಗಾಂಬಿಕಾ ಕಾಳಗವನ್ನು ಹಿಡಿದು ಎಳೆದಳು. ಪ್ರಸನ್ನ ಗೆಲ್ಲುವಂತಾದರೆ ರಾಕ್ಷಸನ ಮೈ ಗಟ್ಟಿಯಾಗುತ್ತಿತ್ತು. ಸೋಲುವಂತಾದರೆ ಅವನ ಕತ್ತಿ ಆಳಕ್ಕೆ ಇಳಿಯುತ್ತಿತ್ತು. ಕಾಗದಗಳಿಗೆ ಮರೆಯಾಗಿ ನಿಲ್ಲಿಸಿದ್ದ ರಟ್ಟಿನ ಹಿಂದೆ ಅವಳು ಮೊದಲ ಬಾರಿ ಮೋಸದ ಅಂಕಿ ಬರೆಯುತ್ತಿದ್ದಳು. ಟೀ ಯಾಕೆ ಬರಲಿಲ್ಲ ಎಂದು ಅವನು ಕೇಳಿದಾಗ, ರಾಕ್ಷಸ ಕತ್ತು ಹಿಡಿದಿದ್ದಾನೆ, ದಾಳ ಎಸೆಯಿರಿ ಎಂದಳು. ಅವನು ಎಸೆದ. ಹೀಗೇ ಬಹಳ ಹೊತ್ತು ನಡೆಯಿತು. ಕೊನೆಗೆ ಇಪ್ಪತ್ತು ಬಿತ್ತು, ದಾಳದ ಅತಿ ದೊಡ್ಡ ಏಟು.

“ರಾಕ್ಷಸ ಇನ್ನೂ ಉಸಿರಾಡ್ತಾ ಅದಾನೆ” ಎಂದಳು.

ಪ್ರಸನ್ನ ಕೈ ಚಾಚಿ ರಟ್ಟನ್ನು ಸರಿಸಿದ. ಕಾಗದದ ಮೇಲಿನ ಅಂಕಿಗಳನ್ನು ಸಾವಕಾಶವಾಗಿ ಓದಿದ. ರಾಕ್ಷಸ ಯಾವಾಗಲೋ ಸತ್ತಿರಬೇಕಿತ್ತು. ಅವನು ಖಾಲಿ ಕುರ್ಚಿಯ ಕಡೆ ನೋಡಿದ.

“ಅವಳು ಹೋಗಿ ಎಷ್ಟೊತ್ತಾತು?”

“ಒಂದು ತಾಸು.”

ಅವನು ಕೂಗಾಡಲಿಲ್ಲ. ದಾಳಗಳನ್ನು ಒಂದೊಂದಾಗಿ ಅವಳ ಮುಂದೆ ಸಾಲಾಗಿ ಇಟ್ಟು ಮೆಟ್ಟಿಲಿಳಿದು ಹೋದ.

ಅನಿತಾ ಸಂಜೆಯೊಳಗೆ ಬಿಳಿಚೋಡು ಮುಟ್ಟಿದಳು. ಮರುದಿನ ಅಣ್ಣನ ಜೊತೆ ಹೋಗಿ ದೂರು ಕೊಟ್ಟಳು. ಕರೆತರಲು ಎರಡು ಸಲ ಹೋದ ಪ್ರಸನ್ನನನ್ನು ಆ ಮನೆಯವರು ಹೊಸ್ತಿಲು ದಾಟಿಸಲಿಲ್ಲ. ಈಗ ಅವಳು ಜಗಳೂರಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಾಳೆ.

ದುರ್ಗಾಂಬಿಕಾ ಆಟ ನಿಲ್ಲಿಸಲಿಲ್ಲ, ನಿಂಗರಾಜನ ಜೊತೆ ಹೊಸಬರಿಬ್ಬರು ಕೂತರು. ಆದರೆ ಪ್ರತಿ ಭಾನುವಾರ ಮೂರು ಗಂಟೆಗೆ ಅಂಗಡಿಯ ಎದುರಿನ ಬೇವಿನ ಮರದಡಿ ಪ್ರಸನ್ನನ ಬೈಕು ಬಂದು ನಿಲ್ಲತೊಡಗಿತು. ಅವನು ಮೇಲೆ ಹತ್ತುವುದಿಲ್ಲ, ಮಾತಾಡಿಸುವುದಿಲ್ಲ. ಆಟ ಮುಗಿದ ಮೇಲೆ ಹೊರಟುಹೋಗುತ್ತಾನೆ.

ಕಳೆದ ವಾರ ಮರದಡಿ ಬೈಕು ಇರಲಿಲ್ಲ. ಸದ್ಯ, ಬೇಸತ್ತು ಬಿಟ್ಟ ಎಂದುಕೊಂಡು ಅವಳು ಮನೆಯ ಕಡೆ ನಡೆದಳು. ತಿರುವು ದಾಟಿದಾಗ ಕಂಡಿತು: ಬೈಕು ಅವಳದೇ ಗೇಟಿನ ಮುಂದೆ ನಿಂತಿತ್ತು, ಮೇಲೆ ಯಾರೂ ಇರಲಿಲ್ಲ. ದುರ್ಗಾಂಬಿಕಾ ಪಕ್ಕದ ಕಿರಾಣಿ ಅಂಗಡಿ ಹೊಕ್ಕು ಮೊದಲು ಠಾಣೆಗೆ ಫೋನ್ ಮಾಡಿದಳು, ಆಮೇಲೆ ಅನಿತಾಳ ಹೊಸ ನಂಬರಿಗೆ, ಅವಳನ್ನೂ ಎಚ್ಚರಿಸಲು.