ಫಾಗರ್‌ಲಿನ್ ಗಂಟೆ ಕಟ್ಟಿದ ಸೈಕಲ್

ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ. ನನ್ನ ಗಂಡ ತೊರ್ಗ್ರಿಮ್‌ಗೆ ಅದು ಮೂರು ವರ್ಷ ತಡವಾಗಿ ಬಂತು, ಬಂದದ್ದು ಸೈಕಲ್ಲಿನ ರೂಪದಲ್ಲಿ. ಮೂವತ್ತೆಂಟು ವರ್ಷ ವಾಲ್ದ್ರೆಸ್ ಕಣಿವೆಯಲ್ಲಿ ಬಸ್ ಓಡಿಸಿದವನು ನಿವೃತ್ತಿಯಾದ ಮರುವಾರವೇ ಪೇಟೆಗೆ ಹೋಗಿ, ಜಲ್ಲಿ ರಸ್ತೆಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ಲೊಂದನ್ನು ಕೊಂಡು ತಂದ. ನಮ್ಮ ಬೆಟ್ಟದ ಮನೆಯಿಂದ ಸರೋವರದ ದಂಡೆ ಹಿಡಿದು ಹೋಗುವ ರಸ್ತೆ ಪೂರ್ತಿ ಜಲ್ಲಿಯದು. ಮೋಟಾರು ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ.

"ಹಿಂದೆ ಹಾರ್ನ್ ಹೊಡೆಯೋರಿಲ್ಲ, ಮುಂದೆ ಅಡ್ಡ ಬರೋರಿಲ್ಲ, ಕೊನೇ ಸೀಟಲ್ಲಿ ವಾಂತಿ ಮಾಡ್ಕೊಳ್ಳೋರೂ ಇಲ್ಲ. ಇನ್ನೇನು ಬೇಕು ಹೇಳೇ ನಂಗೆ?" ಎಂದ.

"ನಂಗೆ ಬೇಕಾಗಿರೋದು ದನ ಹುಡುಕೋಕೆ ಎರಡು ಗಟ್ಟಿ ಕಾಲು," ಎಂದೆ.

ಅವನಿಗೆ ಕೇಳಿಸಲಿಲ್ಲ. ಬಸ್ಸಿನ ಎಂಜಿನ್ ಪಕ್ಕ ಕೂತು ಕೂತು ಅವನ ಬಲಗಿವಿ ಮಂದವಾಗಿದೆ. ತನಗೆ ಬೇಡದ ಮಾತು ಬಂದಾಗಲೆಲ್ಲ ಆ ಕಿವಿಯನ್ನೇ ನನ್ನ ಕಡೆ ತಿರುಗಿಸುತ್ತಾನೆ.

ನನ್ನ ಸಂಕಟ ಬೇರೆಯಿತ್ತು. ನನ್ನ ಹದಿನಾಲ್ಕು ಹಸುಗಳನ್ನು ಹನ್ನೆರಡು ಬೇಸಿಗೆ ಮುಂದೆ ನಿಂತು ನಡೆಸಿದವಳು ಫಾಗರ್‌ಲಿನ್ ಎಂಬ ಹಸು. ಸಂಜೆ ಐದಾದರೆ ಸಾಕು, ಕೊರಳ ಗಂಟೆ ಟೊಣಕ್ ಟೊಣಕ್ ಎನಿಸುತ್ತಾ ಎಲ್ಲರನ್ನೂ ಕೊಟ್ಟಿಗೆಗೆ ಕರೆದು ತರುತ್ತಿದ್ದಳು. ಏಪ್ರಿಲ್‌ನಲ್ಲಿ ಅವಳು ಸತ್ತಳು. ಗಂಟೆಯನ್ನು ಗುಲ್‌ಬ್ರೋ ಎಂಬ ಹಸುವಿಗೆ ಕಟ್ಟಿ ನೋಡಿದೆ. ಅವಳು ಹೆದರಿ ಮೂರು ದಿನ ಒಂದೇ ಜಾಗದಲ್ಲಿ ನಿಂತಳು. ಲೀತಾಗೋಗೆ ಕಟ್ಟಿದೆ, ಅವಳು ಗಂಟೆ ಸಮೇತ ಸರೋವರಕ್ಕಿಳಿದು ಕುತ್ತಿಗೆವರೆಗೆ ನೀರಲ್ಲಿ ನಿಂತಳು. ಉಳಿದವರಿಗಂತೂ ತಲೆಯೂ ಇಲ್ಲ, ಬಾಲವೂ ಇಲ್ಲ. ಕೂಗಿ ಕೂಗಿ ನನ್ನ ಗಂಟಲು ಒಣಗಿತು, ಬೆಟ್ಟ ಹತ್ತಿಳಿದು ಮಂಡಿ ಊದಿತು. ಇದೇ ಕೊನೆಯ ಬೇಸಿಗೆ, ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ಮಾರಿಬಿಡುತ್ತೇನೆ ಎಂದು ಹೇಳಿಯೂ ಆಗಿತ್ತು. ಹೇಳಿದ ದಿನ ಕೊಟ್ಟಿಗೆಗೆ ಹೋಗಿ ಚೆನ್ನಾಗಿ ಅತ್ತೆ. ನನ್ನ ಅಜ್ಜಿ ಹಾಲು ಕರೆದ ಕೊಟ್ಟಿಗೆ ಅದು.

ತೊರ್ಗ್ರಿಮ್‌ಗೂ ಒಂದು ಸಂಕಟವಿತ್ತು, ನನ್ನ ಲೆಕ್ಕದಲ್ಲಿ ಚಿಲ್ಲರೆ ಸಂಕಟ. ಸರೋವರದ ಆ ತುದಿಯಲ್ಲಿರುವ ಲಾಡ್ಜಿನವರೆಗೆ ಇಪ್ಪತ್ತೆಂಟು ಕಿಲೋಮೀಟರ್. ಪ್ರತಿ ಶನಿವಾರ ಇವನೂ ಸೇರಿ ಐದು ಜನ ಗಂಡಸರು ಬಿಗಿ ಚಡ್ಡಿ ಹಾಕಿಕೊಂಡು ಅಲ್ಲಿಗೆ ಹೊರಡುತ್ತಾರೆ. ಮುಟ್ಟಿದವರ ಹೆಸರನ್ನು ಲಾಡ್ಜಿನವರು ಮರದ ಹಲಗೆಯ ಮೇಲೆ ಕಾಯಿಸಿದ ಕಬ್ಬಿಣದಲ್ಲಿ ಬರೆಯುತ್ತಾರೆ. ಇವನ ಹೆಸರೊಂದು ಬಿಟ್ಟು ಉಳಿದ ನಾಲ್ವರ ಹೆಸರೂ ಅಲ್ಲಿದ್ದವು. ಮೊದಲ ಸಲ ಇವನ ಮೀನಖಂಡ ಹಿಡಿದುಕೊಂಡಿತು. ಎರಡನೇ ಸಲ ಅರ್ಧ ದಾರಿಯಲ್ಲಿ ವಾಫಲ್ ಮಾರುವ ಮನೆ ಹಿಡಿದುಕೊಂಡಿತು.

ತಪ್ಪೆಲ್ಲ ಸೈಕಲ್ಲಿನ ಭಾರದ್ದು ಎಂದು ಇವನು ತೀರ್ಮಾನಿಸಿದ. ನನ್ನ ಚೀಸ್ ತೂಗುವ ತಕ್ಕಡಿಯ ಮೇಲೆ ಒಂದೊಂದೇ ಸಾಮಾನು ಇಟ್ಟು ನೋಡಿದ. ಸ್ಟ್ಯಾಂಡ್ ಕಿತ್ತ, ಮಡ್‌ಗಾರ್ಡ್ ಕಿತ್ತ, ಬೆಲ್ ಕಿತ್ತ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಗರಗಸದಲ್ಲಿ ಕೊಯ್ದ.

"ಇಪ್ಪತ್ತೆಂಟು ಕಿಲೋಮೀಟರ್‌ಗೆ ಬ್ರಷ್ ಯಾಕೋ?"

"ದಂತವೈದ್ಯರ ಜೊತೆ ಹೋಗ್ತಿದೀನಿ ಕಣೇ. ಮರ್ಯಾದೆ ಬೇಡ್ವಾ?"

ನೂರನಾಲ್ಕು ಕಿಲೋ ತೂಗುವ ಗಂಡಸು ನಾಲ್ಕು ಗ್ರಾಂ ಉಳಿಸಿದ. ನಾನು ಹಣೆ ಚಚ್ಚಿಕೊಂಡೆ.

ಆ ಶನಿವಾರ ಬೆಳಗ್ಗೆ ಗುಂಪು ನಮ್ಮ ಅಂಗಳಕ್ಕೆ ಬಂತು. ಹಸುಗಳು ಮನೆಗೆ ಬಾರದೆ ಎರಡು ದಿನವಾಗಿತ್ತು, ನನ್ನ ತಲೆ ನೆಟ್ಟಗಿರಲಿಲ್ಲ. ಗುಂಪಿನ ಮುಖ್ಯಸ್ಥ ದಂತವೈದ್ಯ ಆಸ್‌ಗೌತ್. ವಯಸ್ಸಿನಲ್ಲಿ ಚಿಕ್ಕವನು, ಮಹಾ ಶಿಸ್ತಿನವನು. ಸೈಕಲ್ ನೋಡಿದವನೇ ಕೇಳಿದ:

"ಅಣ್ಣಾ, ಬೆಲ್ ಎಲ್ಲಿ? ದಾರಿ ತುಂಬ ಕುರಿ ಮಲಗಿರ್ತವೆ. ಬೆಲ್ ಇಲ್ದೆ ನಾನು ಕರ್ಕೊಂಡು ಹೋಗಲ್ಲ."

ತೊರ್ಗ್ರಿಮ್ ನನ್ನ ಕಡೆ ತಿರುಗಿದ. "ಏನಾದ್ರೂ ಒಂದು ಗಂಟೆ ಇದ್ರೆ ಕೊಡೇ, ಬೇಗ."

"ಹಸು ಹೋಗಿ ಎರಡು ದಿನ ಆಯ್ತು ಅಂತ ಹೇಳ್ತಿದೀನಿ, ನಿಂಗೆ ಗಂಟೆ ಬೇಕಾ?"

"ಹೋದ್ರೆ ಹೋಗ್ಲಿ ಬಿಡೇ. ಹೇಗೂ ಮಾರ್ತೀಯಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಸೀದಾ ಒಳಗೆ ಹೋದೆ. ಮೊಳೆಗೆ ತೂಗುಹಾಕಿದ್ದ ಫಾಗರ್‌ಲಿನ್‌ಳ ಗಂಟೆಯನ್ನು ತಂದು, ಅದರ ಚರ್ಮದ ಪಟ್ಟಿಯಿಂದಲೇ ಅವನ ಹ್ಯಾಂಡಲ್ಲಿಗೆ ಬಿಗಿದು ಕಟ್ಟಿದೆ. ಗಂಟೆ ಬೋಗುಣಿಯಷ್ಟಿತ್ತು. ಉಳಿದವರು ನಗು ತಡೆಯಲಾರದೆ ಬೆಟ್ಟ ನೋಡತೊಡಗಿದರು.

"ಬೆಲ್ ಅಂದ್ರೆ ಬೆಲ್," ಎಂದ ಆಸ್‌ಗೌತ್, ಗಂಭೀರವಾಗಿ. "ಹೊರಡೋಣ."

ಮುಂದಿನದನ್ನು ಅದೇ ದಿನ ಫೋನಿನಲ್ಲಿ ನನಗೆ ಹೇಳಿದವನು ಆಸ್‌ಗೌತನೇ. ಹತ್ತನೇ ಕಿಲೋಮೀಟರಿನಲ್ಲಿ, ಜೌಗು ಹುಲ್ಲಿನ ನಡುವೆ, ನನ್ನ ಹದಿನಾಲ್ಕು ದೇಶಾಂತರಿಗಳು ಮೇಯುತ್ತಿದ್ದವಂತೆ. ನಾಲ್ವರು ದಾಟಿದರು, ಒಂದೂ ತಲೆಯೆತ್ತಲಿಲ್ಲ. ಅವರ ಹಿಂದೆ, ಏದುಸಿರು ಬಿಡುತ್ತಾ, ಏರು ಹತ್ತುತ್ತಾ ಇವನು ಬಂದ. ಏರಿನಲ್ಲಿ ತೊರ್ಗ್ರಿಮ್‌ನ ವೇಗವೂ ಹಸುವಿನ ವೇಗವೂ ಒಂದೇ. ಜಲ್ಲಿಯ ಮೇಲೆ ಗಂಟೆ ಟೊಣಕ್ ಟೊಣಕ್ ಎಂದಿತು. ಹದಿನಾಲ್ಕು ತಲೆಗಳು ಒಟ್ಟಿಗೆ ಮೇಲೆದ್ದವು.

ಮೊದಲು ಗುಲ್‌ಬ್ರೋ ರಸ್ತೆಗೆ ಬಂದಳು. ಆಮೇಲೆ ಎಲ್ಲರೂ ಸಾಲಾಗಿ. ಇವನು ನಿಂತರೆ ಅವೂ ನಿಂತವು. "ಹೋಗ್ರೇ, ಮನೆಗೆ ಹೋಗ್ರೇ!" ಎಂದು ಕೂಗಿದರೆ ಇನ್ನೂ ಹತ್ತಿರ ಬಂದವು. ಇಳಿಜಾರಿನಲ್ಲಿ ಇವನು ಜೋರಾಗಿ ಬಿಟ್ಟ. ಅವು ಬಾಲ ಎತ್ತಿ ಓಡಿದವು.

ಮುಂದೆ ಬೇಲಿಯ ಗೇಟು. ಕೊನೆಯವರು ದಾಟಿ ಮುಚ್ಚಬೇಕು, ಅದು ಬೆಟ್ಟದ ನಿಯಮ. ಆಸ್‌ಗೌತ್ ಸಭ್ಯಸ್ಥ, ಕೊನೆಯವನಿಗಾಗಿ ಗೇಟು ಹಿಡಿದು ನಿಂತಿದ್ದ. ತೊರ್ಗ್ರಿಮ್ ದಾಟಿದ. ಅವನ ಹಿಂದೆಯೇ ಗುಲ್‌ಬ್ರೋ ದಾಟಿದಳು. ಅಷ್ಟು ಹೊತ್ತಿಗೆ ಮುಚ್ಚುವ ಕಾಲ ಮೀರಿತ್ತು. ಕೊನೆಗೆ ದಾಟಿದವಳು ಲೀತಾಗೋ. ಅವಳು ಮುಚ್ಚಲಿಲ್ಲ.

ಹೀಗೆ ಹದಿಮೂರನೇ ಕಿಲೋಮೀಟರಿನ ದಿಬ್ಬದವರೆಗೆ ಮೆರವಣಿಗೆ ಹೋಯಿತಂತೆ. ಇಷ್ಟು ಮಾತ್ರ ಹೇಳಿ ಅವನು ಫೋನಿಟ್ಟ. ಗುಂಪು ಮುಂದೆ ಹೋಗಿತ್ತು, ಇವನು ಹಿಂದೆ ತಿರುಗಿದ್ದ.

ಸಂಜೆ ನಾಲ್ಕೂವರೆಗೆ ನಾನು ದುರ್ಬೀನು ಹಿಡಿದು ಅಂಗಳದಲ್ಲಿ ನಿಂತೆ. ನೀರಿನಾಚೆ, ದಂಡೆಯ ರಸ್ತೆಯಲ್ಲಿ, ಹಳದಿ ಅಂಗಿಯ ದಪ್ಪ ಮನುಷ್ಯನೊಬ್ಬ ನಿಧಾನವಾಗಿ ಪೆಡಲ್ ತುಳಿಯುತ್ತಿದ್ದ. ಹಿಂದೆ ನನ್ನ ಹಸುಗಳು, ಒಂದೂ ತಪ್ಪದೆ. ಎಣಿಸಿದೆ, ಇನ್ನೊಮ್ಮೆ ಎಣಿಸಿದೆ. ನಗು ಬಂತು, ನಗುತ್ತಲೇ ಕೆಳಗೆ ಕೂತು ಅತ್ತೆ. ಐದಕ್ಕೆ ಸರಿಯಾಗಿ ಅಂಗಳದಲ್ಲಿ ಆ ಶಬ್ದ ಕೇಳಿದಾಗ ಫಾಗರ್‌ಲಿನ್ನೇ ಬಂದಳು ಅನ್ನಿಸಿತು.

ಬಂದವನ ಮುಖ ಬೀಟ್‌ರೂಟ್. "ಬಿಚ್ಚೇ ಇದನ್ನ! ಏನು ಗಂಟು ಹಾಕಿದೀಯೋ, ಎಷ್ಟು ಎಳೆದ್ರೂ ಬಿಚ್ಚೋಕಾಗ್ಲಿಲ್ಲ. ನನ್ನ ಹಲಗೆ ಹೋಯ್ತು, ಹೆಸರು ಹೋಯ್ತು!"

"ಪಾಪ," ಎಂದೆ. ಹುಳಿಕೆನೆಯ ಗಂಜಿಗೆ ಬೆಣ್ಣೆ ಹೆಚ್ಚಾಗಿಯೇ ಹಾಕಿ ಬಡಿಸಿದೆ. ಮೂರು ತಟ್ಟೆ ಉಂಡು ಸೈಕಲ್ ಕಡೆ ನೋಡದೆ ಮಲಗಿದ.

ಮರುದಿನ ಮಧ್ಯಾಹ್ನ ಆಸ್‌ಗೌತ್ ಬಂದ. ಲಾಡ್ಜಿನಿಂದ ಬೆಟ್ಟದ ಹಣ್ಣಿನ ಕೇಕ್ ಒಂದು ತುಂಡು ಕಟ್ಟಿಸಿಕೊಂಡು ತಂದಿದ್ದ. ತೊರ್ಗ್ರಿಮ್ ಒಳಗೆ ಮಲಗಿದ್ದ.

"ಅಣ್ಣ ಹೇಳಿದ್ರಾ ಅಕ್ಕಾ?"

"ಗಂಟು ಬಿಚ್ಚೋಕಾಗ್ಲಿಲ್ಲ ಅಂದ."

"ಬಿಚ್ಚೋದ್ಯಾಕೆ? ಆ ದಿಬ್ಬದ ಮೇಲೆ ಇಳಿದ್ರು, ನೆಲದಿಂದ ಪಾಚಿ ಕಿತ್ತು ಗಂಟೆ ಒಳಗೆ ತುರುಕಿದ್ರು. ಸದ್ದು ನಿಂತೋಯ್ತು. ಅಲ್ಲಿಂದ ಲಾಡ್ಜಿನವರೆಗೂ ಬರೀ ಇಳಿಜಾರು ಅಕ್ಕಾ, ತುಳಿಯೋದೂ ಬೇಡ, ಕೂತ್ರೆ ಸಾಕು. ನಾನು ಹೊರಡಿ ಅಂದೆ. ಅಷ್ಟರಲ್ಲಿ ಆ ಹಸುಗಳು ಅತ್ತಿತ್ತ ನೋಡೋಕೆ ಶುರು ಮಾಡಿದ್ವು. ಒಂದು ಕೂಗ್ತು. ಇವರು ಸ್ವಲ್ಪ ಹೊತ್ತು ನಿಂತ್ಕೊಂಡು ನೋಡಿದ್ರು. ಆಮೇಲೆ ನನ್ನ ಚೆನ್ನಾಗಿ ಬೈದ್ರು."

"ನಿನ್ನನ್ಯಾಕೆ?"

"ಗೊತ್ತಿಲ್ಲ. ಬೈದು, ಪಾಚಿ ಕಿತ್ತೆಸೆದು, ಸೈಕಲ್ ತಿರುಗಿಸಿದ್ರು."

ಅವನು ಹೋದ ಮೇಲೆ ಗಂಟೆಯನ್ನು ಬಗ್ಗಿಸಿ ನೋಡಿದೆ. ನಾಲಿಗೆಯ ಬುಡಕ್ಕೆ ಹಸಿರು ಪಾಚಿಯ ಎಳೆಯೊಂದು ಇನ್ನೂ ಅಂಟಿಕೊಂಡಿತ್ತು. ಒಬ್ಬಳೇ ಕೂತು ಅರ್ಧ ಕೇಕ್ ತಿಂದೆ. ದನ ಕೊಳ್ಳುತ್ತೇನೆ ಎಂದಿದ್ದವನಿಗೆ ಫೋನ್ ಮಾಡಿ, ಸೆಪ್ಟೆಂಬರಿನಲ್ಲಿ ಬರಬೇಡ ಎಂದೆ.

ನಾಲ್ಕು ಗಂಟೆಗೆ, ಹಸುಗಳನ್ನು ಕರೆತರುವ ಹೊತ್ತು ಹತ್ತಿರವಾದಾಗ, ಅಡುಗೆಮನೆಯಲ್ಲಿ ಸದ್ದಾಯಿತು. ತೊರ್ಗ್ರಿಮ್ ಬಿಗಿ ಚಡ್ಡಿ ಹಾಕಿಕೊಂಡು ತಕ್ಕಡಿಯ ಮುಂದೆ ನಿಂತಿದ್ದ. ತಕ್ಕಡಿಯ ಮೇಲೆ ಫಾಗರ್‌ಲಿನ್‌ಳ ಗಂಟೆ. ಮುಳ್ಳು ಒಂದೂವರೆ ಕಿಲೋ ದಾಟಿ ನಿಂತಿತ್ತು.

ನಾನು ಬಾಗಿಲಲ್ಲಿ ನಿಂತಿದ್ದು ನೋಡಿ, ಮಂದಗಿವಿಯನ್ನು ನನ್ನ ಕಡೆ ತಿರುಗಿಸಿದ.

"ಅಷ್ಟೇನೂ ಭಾರ ಇಲ್ಲ ಕಣೇ," ಎಂದ.