ಉಳಿದದ್ದೊಂದೇ ಇಂಜೆಕ್ಷನ್

ಕಿವಿ ಮೇಸ್ತ್ರಿ ಎಂದರೆ ಸಾಮಾನ್ಯನೇ? ಮೂರು ಬೀದಿಯಾಚೆ ಲಾರಿ ಕೆಮ್ಮಿದರೆ ಸಾಕು, ಗ್ಯಾರೇಜಿನಲ್ಲಿ ಮಲಗಿದ್ದಲ್ಲಿಂದಲೇ ಯಾವ ಬೋಲ್ಟು ಸಡಿಲವೆಂದು ಹೇಳಿಬಿಡುತ್ತಿದ್ದ. ಅವನು ಕಿವಿಗೊಟ್ಟರೆ ಇಂಜಿನ್ನುಗಳು ತಾವಾಗಿಯೇ ತಪ್ಪೊಪ್ಪಿಕೊಳ್ಳುತ್ತಿದ್ದವು.

ಅಂಥ ಕಿವಿ ನೋಯುವಾಗಲೆಲ್ಲ ಅವನದೊಂದೇ ಮದ್ದು: ಹೆಂಡತಿಯ ಗಂಟಲಿಗೆ ತಂದು ಉಳಿದದ್ದೋ, ಭಾವಮೈದುನನ ಮೂಗಿಗೆ ಬರೆದುಕೊಟ್ಟದ್ದೋ, ಕೈಗೆ ಸಿಕ್ಕ ಆಂಟಿಬಯೋಟಿಕ್ ಮಾತ್ರೆ. ನೋವು ಇಳಿಯಿತೋ, ಮಿಕ್ಕದ್ದು ಸ್ಪ್ಯಾನರ್ ಡಬ್ಬಿಗೆ. ಹೀಗೆ ನುಂಗಿದ್ದನ್ನು ರಾಶಿ ಹಾಕಿದ್ದರೆ ಗ್ಯಾರೇಜಿನ ಬಾಗಿಲೇ ಮುಚ್ಚಿಹೋಗುತ್ತಿತ್ತು.

ಈ ಸಲ ನೋವು ಇಳಿಯಲಿಲ್ಲ. ಕೀವು ಕಾಲರಿನವರೆಗೆ ಸುರಿಯಿತು. ದವಡೆ ಅಲುಗಿಸಿದರೆ ತಲೆಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು.

ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮ ಕೀವನ್ನು ಲ್ಯಾಬಿಗೆ ಕಳಿಸಿ, ಅಲ್ಲಿ ಅದರ ಕ್ರಿಮಿ ಬೆಳೆಸಿದ ತಟ್ಟೆಯನ್ನು ಗಂಡಹೆಂಡಿರ ಮುಂದಿಟ್ಟರು. ತಟ್ಟೆ ತುಂಬ ಪಾಚಿಯಂತೆ ಕ್ರಿಮಿ. ನಡುನಡುವೆ ಔಷಧಿ ಅದ್ದಿದ ಬಿಳಿ ಬಿಲ್ಲೆಗಳು. ಔಷಧಿ ನಾಟಿದ್ದರೆ ಬಿಲ್ಲೆಯ ಸುತ್ತ ಖಾಲಿಯಾಗಬೇಕಿತ್ತು. ಇಲ್ಲಿ ಕ್ರಿಮಿಗಳು ಬಿಲ್ಲೆಗೇ ಒರಗಿ ಹರಟೆ ಹೊಡೆಯುತ್ತಿದ್ದಂತಿತ್ತು. ಒಂದರ ಸುತ್ತ ಮಾತ್ರ ಬಯಲು.

"ಅರ್ಧಂಬರ್ಧ ಮಾತ್ರೆ ನುಂಗಿ ನುಂಗಿ ಕ್ರಿಮಿ ಪಳಗಿಬಿಟ್ಟಿದೆ. ಇದೊಂದೇ ಉಳಿದಿರೋದು, ಇಂಜೆಕ್ಷನ್. ಆದ್ರೆ ಇದರಿಂದ ಕಿವಿ ಕೇಳಿಸದೇ ಹೋಗಬಹುದು," ಎಂದರು ಡಾಕ್ಟರಮ್ಮ. "ನಾವು ನೋಡ್ಕೊಳ್ತಾ ಇರ್ತೀವಿ. ನೀವಾಗೇ ನಿಲ್ಲಿಸಬೇಡಿ."

"ನಿಲ್ಸಿದ್ರೆ?" ಎಂದ ಮೇಸ್ತ್ರಿ.

"ಕ್ರಿಮಿ ಮೂಳೆಗೆ ಹೋಗಿದೆ. ಮುಂದೆ ಮಿದುಳು. ಆಗ ಕೊಡೋಕೆ ನನ್ನ ಹತ್ರ ಏನೂ ಇರಲ್ಲ."

"ಕಿವುಡಾದ್ರೂ ಆಗ್ಲಿ ರೀ," ಎಂದಳು ಹೆಂಡತಿ. "ನನ್ನ ಮಾತು ಯಾವತ್ತು ಕೇಳಿಸ್ಕೊಂಡಿದ್ದೀರಿ?"

ಮೇಸ್ತ್ರಿ ನಕ್ಕ. ಆದರೆ ಕಿವಿ ಹೋದ ಮೇಲೆ ತಾನು ಯಾವ ಮೇಸ್ತ್ರಿ?

ಕೆಲವೇ ಇಂಜೆಕ್ಷನ್ನಿಗೆ ನೋವು ಓಡಿಹೋಯಿತು. ಕೀವೂ ನಿಂತಿತು. ಆದರೆ ಒಂದು ಬೆಳಿಗ್ಗೆ ಪಕ್ಕದಲ್ಲೇ ನಿಂತ ಬಸ್ಸಿನ ಸದ್ದು ಕಂಬಳಿ ಹೊದ್ದಂತೆ ಕೇಳಿಸಿತು. ಬಸ್ಸು ಮೆಲ್ಲಗಿತ್ತೋ, ಕಿವಿ ಮಂದವಾಗಿತ್ತೋ? ಮೇಸ್ತ್ರಿ ಇದನ್ನು ಡಾಕ್ಟರಮ್ಮನಿಗೆ ಹೇಳಲಿಲ್ಲ. ಅಂದಿನಿಂದ ಆಸ್ಪತ್ರೆಗೆಂದು ಹೊರಟು ನೆಟ್ಟಗೆ ಗ್ಯಾರೇಜಿಗೆ ಹೋಗಿ ಕೂರುತ್ತಿದ್ದ.

"ಚುಚ್ಚಿಸ್ಕೊಂಡ್ರಾ?" ಎಂದು ಹೆಂಡತಿ ದಿನವೂ ಕೇಳುತ್ತಿದ್ದಳು.

"ಹೂಂ ಕಣೇ, ಸೂಜಿಯೇ ಸುಸ್ತಾಗಿದೆ!"

ಕಿವಿ ಮತ್ತೆ ಚುರುಕಾಯಿತು. ಇರುವೆ ನಡೆದರೂ ಕೇಳಿಸುತ್ತದೆ ಎಂದು ಗ್ಯಾರೇಜಿನಲ್ಲಿ ಜಂಭ ಕೊಚ್ಚಿದ.

ಆಮೇಲೊಂದು ದಿನ ದಿಂಬಿನ ಕವರು ಬದಲಿಸುತ್ತಿದ್ದ ಹೆಂಡತಿ ನಿಂತುಬಿಟ್ಟಳು. "ಇದೇನ್ರೀ, ಹಳದಿ?"

"ಗ್ರೀಸು ಕಣೇ."

ಅವಳು ಕವರನ್ನು ಮೂಗಿಗೆ ಹಿಡಿದಳು. ಗ್ರೀಸಲ್ಲ, ಕೀವಿನ ವಾಸನೆ. ಕೋಣೆಯ ಇನ್ನೊಂದು ಮೂಲೆಯಲ್ಲಿದ್ದ ಮೇಸ್ತ್ರಿಗೆ ಅವಳ ಉಸಿರು ನಿಂತದ್ದು ಸ್ಪಷ್ಟವಾಗಿ ಕೇಳಿಸಿತು.