ಯೋನಾ ಸರ್ ಮೇಲಿನ ಸಿಟ್ಟು

ನಾನು ಒಂದು ಹಾಕಿ ಸ್ಟಿಕ್. ಹುಟ್ಟಿದ್ದು ಜಲಂಧರದ ಶೆಡ್ಡೊಂದರಲ್ಲಿ. ಹಿಪ್ಪುನೇರಳೆ ಮರವನ್ನು ಹಬೆಯಲ್ಲಿ ಬೇಯಿಸಿ, ತುದಿ ಬಗ್ಗಿಸಿ, ಅರದಿಂದ ಉಜ್ಜಿ ನನ್ನನ್ನು ಮಾಡಿದರು. ಲಾರಿ ಹತ್ತಿ ಗದಗಿಗೆ ಬಂದೆ. ಅಲ್ಲಿ ಹುಡುಗಿಯರ ಕ್ರೀಡಾ ಹಾಸ್ಟೆಲೊಂದು ನನ್ನನ್ನು ಕೊಂಡಿತು. ನೆಲಕ್ಕಂಟಿ ಬದುಕುವವನು ನಾನು. ಜನರನ್ನು ಅವರ ಕಾಲಿನಿಂದಲೇ ಗುರುತು ಹಿಡಿಯುತ್ತೇನೆ.

ಮೊದಲು ನನ್ನನ್ನು ಹಿಡಿದವಳು ಫಕೀರವ್ವ. ಒಡೆದ ಹಿಮ್ಮಡಿ, ಒಂದು ಕಡೆ ನಿಲ್ಲದ ಕಾಲು. ಚೆಂಡು ಸಿಕ್ಕಿತೆಂದರೆ ಎದುರಿದ್ದವರನ್ನೆಲ್ಲ ಸೀಳಿಕೊಂಡು ಓಡಿ ಗೋಲು ಹೊಡೆಯುತ್ತಿದ್ದಳು. ಯಾರಿಗೂ ಪಾಸ್ ಕೊಡುತ್ತಿರಲಿಲ್ಲ. ಚೆಂಡು ಕಳೆದುಕೊಂಡರೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದಳು.

ಕೋಚ್ ಯೋನಾ ಸರ್ ಅವರಿಗೆ ಅದು ಹಿಡಿಸಲಿಲ್ಲ. ಅವರ ಬೂಟು ಬಂತೆಂದರೆ ಬೈಗುಳವೂ ಬಂತು.

"ಓಡೂದು ಕತ್ತೆಗೂ ಬರತೈತಿ. ನಾಳಿಯಿಂದ ನೀ ಹಿಂದ ನಿಂತು ಬ್ಯಾಕ್ ಆಡಾಕಿ."

"ನಾ ಗೋಲ್ ಹೊಡ್ಯಾಕಿರಿ ಸರ್!"

"ಅದಕ್ಕ ಹೇಳಿದ್ದು. ಹೊಡ್ಯಾಕಿ ಅಷ್ಟ ನೀ, ಆಡಾಕಿ ಅಲ್ಲ."

ಅಂದಿನಿಂದ ಅವರಿಬ್ಬರದು ಹಾವು ಮುಂಗುಸಿಯ ಬಾಳು. ಸರ್ ನನ್ನನ್ನು ಅವಳಿಂದ ಕಿತ್ತುಕೊಂಡು, ಅವಳನ್ನು ಬರಿಗೈಯಲ್ಲಿ ಮೈದಾನದಲ್ಲಿ ನಿಲ್ಲಿಸುತ್ತಿದ್ದರು. ಯಾರು ಖಾಲಿ ಇದ್ದಾರೆ, ಯಾರು ಎಲ್ಲಿಗೆ ಓಡುತ್ತಾರೆ, ಕೂಗಿ ಹೇಳಬೇಕು. ತಪ್ಪಿದರೆ ಎಲ್ಲರೆದುರು ಹೀಯಾಳಿಕೆ. ಆಮೇಲೆ ನನ್ನನ್ನು ವಾಪಸು ಕೊಟ್ಟಾಗ ಆ ಸಿಟ್ಟನ್ನೆಲ್ಲ ಅವಳು ನನ್ನ ಹಿಡಿಯಲ್ಲಿ ಹಿಂಡುತ್ತಿದ್ದಳು. ನನಗೂ ಆ ಮನುಷ್ಯನನ್ನು ಕಂಡರೆ ಆಗದಾಯಿತು.

ಧಾರವಾಡದ ಪಂದ್ಯದಲ್ಲಿ ಅವಳು ತನ್ನ ಜಾಗ ಬಿಟ್ಟು ಮುಂದೆ ನುಗ್ಗಿ ಒಂದು ಗೋಲು ಹೊಡೆದಳು. ಬಿಟ್ಟ ಜಾಗದಿಂದಲೇ ಎದುರಾಳಿಗಳು ಎರಡು ಹೊಡೆದು ಗೆದ್ದರು. ಸರ್ ಎಲ್ಲರ ಮುಂದೆ ಅಂದರು: "ತಂಡ ಮುಳುಗಿಸಿದಾಕಿ ಇಕಿನ."

ಫಕೀರವ್ವ ನನ್ನನ್ನು ಎತ್ತಿ ಅವರ ಮೊಣಕಾಲಿಗೆ ಬೀಸಿದಳು. ಮೂಳೆಯ ಪೆಟ್ಟು ನನ್ನ ಮೈಯಲ್ಲೆಲ್ಲ ಹರಿಯಿತು. ಸರ್ ಕುಸಿದರು. ಇನ್ನು ಅವಳ ಹಾಸ್ಟೆಲ್ ಋಣ ಮುಗಿಯಿತೆಂದೇ ಎಲ್ಲರೂ ತಿಳಿದರು.

ವಾರ್ಡನ್ ಬಂದು ಕೇಳಿದಾಗ ಸರ್ ಹಲ್ಲು ಕಚ್ಚಿ ಹೇಳಿದರು: "ಕಾಲು ಜಾರಿ ಬಿದ್ನಿರಿ."

ಮರುದಿನ ಬೆಳಿಗ್ಗೆ ಕುಂಟುತ್ತ ಮೈದಾನಕ್ಕೆ ಬಂದರು. ಕ್ಷಮೆ ಕೇಳು ಎನ್ನಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಫಕೀರವ್ವನೂ ಸೋಲಲಿಲ್ಲ. ಇವರ ಬಾಯಿ ಮುಚ್ಚಿಸಲಿಕ್ಕಾದರೂ ಎಲ್ಲ ಕಲಿಯುತ್ತೇನೆಂದು ಹಟ ಹಿಡಿದಳು. ಚೆಂಡು ಕಸಿಯಲು ಕಲಿತಳು. ತಲೆ ಎತ್ತಿ ನೋಡಲು ಕಲಿತಳು. ಹಿಂದಕ್ಕೆ ಓಡಿಬರಲು ಕಲಿತಳು.

ರಾಜ್ಯ ತಂಡದ ಆಯ್ಕೆಯ ದಿನ ಅವಳ ಮುಂದೆ ಗೋಲು ಬಾಯ್ದೆರೆದಿತ್ತು. ಕೈ ಬಿಗಿಯಾದದ್ದು ನನಗೆ ತಿಳಿಯಿತು. ಮರುಕ್ಷಣ ಸಡಿಲಾಯಿತು. ಎಡಕ್ಕೆ ಖಾಲಿ ನಿಂತಿದ್ದ ಗೆಳತಿಗೆ ಚೆಂಡು ತಳ್ಳಿದಳು. ಗೆಳತಿ ಗೋಲು ಹೊಡೆದಳು. ಫಕೀರವ್ವ ಆಯ್ಕೆಯಾದಳು.

ಹೊರಡುವಾಗ ಅವಳು ನನ್ನನ್ನು ಸರ್ ಕಾಲ ಬಳಿ ಒಗೆದಳು.

"ಆಟ ಕಲಿಸಿದ್ರಿ, ಖರೆ. ಆದ್ರ ನಿಮ್ಮ ಮಾರಿ ನೋಡಿದ್ರ ಇನ್ನೂ ಹೊಟ್ಟಿ ಉರಿತೈತ್ರಿ."

"ಉರೀಲಿ. ಜಾಗಾ ಬಿಟ್ಟು ಓಡಬ್ಯಾಡ."

ಬಸ್ಸು ಹೋಯಿತು. ಅವಳು ಮತ್ತೆ ಬರಲಿಲ್ಲ.

ನಾನು ಜುಬೇದಾಳ ಪಾಲಾದೆ. ಮೆಲ್ಲಗಿನ ಹೆಜ್ಜೆಯ ಹುಡುಗಿ. ಚೆಂಡು ಅವಳ ಮಾತು ಕೇಳುತ್ತಿತ್ತು, ಫಕೀರವ್ವನಿಗೂ ಇರದ ಕೈಚಳಕ. ಗೆದ್ದ ಮದ್ದೆಂದು ಸರ್ ಇವಳಿಗೂ ಅದನ್ನೇ ಕುಡಿಸಿದರು: ಅದೇ ಹೀಯಾಳಿಕೆ, ಅದೇ ಬರಿಗೈ. ಇವಳು ತಿರುಗಿ ಬೀಸಲಿಲ್ಲ. ಹಿಡಿಯ ಮೇಲೆ ಅವಳ ಬೆವರು ತಣ್ಣಗಾಗುತ್ತ ಹೋಯಿತು. ಒಂದು ಸಂಜೆ ನನ್ನನ್ನು ಗೋಲಿನ ಕಂಬಕ್ಕೆ ಒರಗಿಸಿ ಹೋದವಳು ಬರಲೇ ಇಲ್ಲ.

ಸರ್ ನನ್ನನ್ನು ಹಿಡಿದುಕೊಂಡೇ ಅವಳ ಮನೆಗೆ ಹೋದರು. ತಾಯಿ ಹೊಸ್ತಿಲಲ್ಲೇ ತಡೆದಳು.

"ಆಡಾಕ ಕಳಿಸಿದ್ವಿ ಸರ್, ಬೈಸ್ಕೊಳ್ಳಾಕಲ್ಲ. ಈಗ ಸ್ಟಿಕ್ ಕಂಡ್ರ ನಡಗತಾಳ."

ಬಾಗಿಲು ಮುಚ್ಚಿತು. ಆ ಬೂಟುಗಳು ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ.

ಈಗ ನನ್ನ ಮೈ ಬಿರುಕು ಬಿಟ್ಟಿದೆ. ಹರಿದ ಬಲೆಗಳ ಜೊತೆ ಸ್ಟೋರಿನ ಮೂಲೆಯಲ್ಲಿದ್ದೇನೆ. ಕುಂಬಾರನ ಒಂದೇ ಆವಿಗೆಯ ಬೆಂಕಿ ಒಂದು ಮಡಕೆಯನ್ನು ಗಟ್ಟಿ ಮಾಡಿ ಇನ್ನೊಂದನ್ನು ಸೀಳುತ್ತದೆ. ಮಡಕೆಯಾದರೆ ಇನ್ನೊಂದು ಮಾಡಬಹುದು. ಯೋನಾ ಸರ್ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಕಿಟಕಿಯಾಚೆ ಅವರು ಈಗಲೂ ಬೈಯುತ್ತಾರೆ. ಆದರೆ ಬೈಯುವ ಮೊದಲು ಎದುರು ನಿಂತ ಹುಡುಗಿಯ ಮುಖ ನೋಡುತ್ತಾರೆ. ಕೆಲವೊಮ್ಮೆ ಬೈಯದೆಯೇ ಮುಂದೆ ಹೋಗುತ್ತಾರೆ.